ಕೋಡಿಬಾಗದಲ್ಲಿ ಮೀನಿನ ಓದು

ಮಳೆಗಾಲ ಹಿಡಿಯುತ್ತಿದ್ದಂತೆ ಹುಬ್ಬಳ್ಳಿಯ ಗಣೇಶಪೇಟೆ ಮೀನು ಮಾರುಕಟ್ಟೆಯಲ್ಲಿ ಬಂಗಡೆಯ ದರ ಏರುತ್ತದೆ; ಕೆರೆಯ ಕಾಟ್ಲಾ, ರೋಹು ಮುಂದಕ್ಕೆ ಬರುತ್ತವೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಕರ್ನಾಟಕದಲ್ಲಿ 10 ಅಶ್ವಶಕ್ತಿಗಿಂತ ಹೆಚ್ಚಿನ ಎಂಜಿನ್ ಕಟ್ಟಿದ ದೋಣಿಗೂ ಈ ನಿಷೇಧ ತಾಗುತ್ತದೆ. 61 ದಿನವೇ ಏಕೆ? 10 ಅಶ್ವಶಕ್ತಿಗೇ ಗೆರೆ ಎಳೆದದ್ದೇಕೆ? ಆ ಎರಡು ತಿಂಗಳು ಬುಟ್ಟಿ ಹೊತ್ತು ಮಾರುವ ಹೆಂಗಸರ ಮನೆ ಹೇಗೆ ನಡೆಯುತ್ತದೆ? ಇವನ್ನೆಲ್ಲ ಅಳೆದು, ತೂಗಿ, ಉತ್ತರ ಹುಡುಕುವುದೇ ಸುಸ್ಥಿರ ಮೀನುಗಾರಿಕಾ ನೀತಿ ಮತ್ತು ನಿರ್ವಹಣೆಯ ಓದು.

ಈ ಓದಿನ ಒಂದು ಬಾಗಿಲು ಧಾರವಾಡದವರದ್ದೇ. ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ ಧಾರವಾಡ, ಗದಗಗಳ ಜೊತೆ ಉತ್ತರ ಕನ್ನಡವೂ ಸೇರಿದೆ. ಕಾಳಿ ನದಿ ಸಮುದ್ರ ಸೇರುವ ಕಾರವಾರದ ಕೋಡಿಬಾಗದಲ್ಲಿ ಅದರ ಕಡಲ ಜೀವಶಾಸ್ತ್ರ ಸ್ನಾತಕೋತ್ತರ ವಿಭಾಗವಿದೆ. ಅಲ್ಲಿನದು ಎರಡು ವರ್ಷದ ಎಂ.ಎಸ್ಸಿ. ಓದು. ಕಾಳಿಯ ಅಳಿವೆ, ಕಾಂಡ್ಲಾ ಕಾಡು, ಬೈತಖೋಲ ಬಂದರು ಎಲ್ಲವೂ ಕೈಗೆಟಕುವ ದೂರದಲ್ಲಿವೆ.

ಮೀನಿನ ಓದು ಶುರುವಾಗುವುದು ಅಳತೆಯ ಹಲಗೆಯಿಂದ. ಬಂಗಡೆಯನ್ನು ಹಲಗೆಯ ಮೇಲೆ ಮಲಗಿಸಿ ಮೂತಿಯಿಂದ ಬಾಲದ ತುದಿಯವರೆಗೆ ಉದ್ದ ನೋಡಬೇಕು, ತೂಗಬೇಕು, ಹೊಟ್ಟೆ ಸೀಳಿ ಮೊಟ್ಟೆ ಬಲಿತಿದೆಯೇ ಎಂದು ಪರೀಕ್ಷಿಸಬೇಕು. ತಲೆಯೊಳಗಿನ ಪುಟ್ಟ ಕಿವಿಗಲ್ಲನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಅದರ ಬಳೆಗಳಲ್ಲಿ ಮೀನಿನ ವಯಸ್ಸು ಸಿಗುತ್ತದೆ. ತಿಂಗಳುಗಟ್ಟಲೆ ಹೀಗೆ ಅಳೆದಾಗ, ಒಮ್ಮೆಯೂ ಮೊಟ್ಟೆ ಇಡದ ಮರಿಗಳು ಎಷ್ಟು ಪಾಲು ಬಲೆಗೆ ಬೀಳುತ್ತಿವೆ ಎಂಬುದು ತಿಳಿಯುತ್ತದೆ. ಕೇರಳದಲ್ಲಿ ಬೂತಾಯಿಗೆ 10 ಸೆಂಟಿಮೀಟರ್, ಬಂಗಡೆಗೆ 14 ಸೆಂಟಿಮೀಟರ್ ಎಂದು ಹಿಡಿಯಬಹುದಾದ ಕನಿಷ್ಠ ಅಳತೆ ನಿಗದಿಯಾದದ್ದು ಇಂಥ ಹಲಗೆಗಳ ಲೆಕ್ಕದಿಂದಲೇ. ಅದೇ ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕಿದ್ದ ಬೂತಾಯಿ 2021ರಲ್ಲಿ 3,300 ಟನ್ನಿಗೆ ಇಳಿಯಿತು. ಹವಾಮಾನವೂ ಬಲೆಯೂ ಸೇರಿ ಮಾಡಿದ ಕುಸಿತ ಅದು. ಯಾವುದರ ಪಾಲು ಎಷ್ಟೆಂದು ಬಿಡಿಸುವುದೇ ಕಠಿಣ.

ಆದರೆ ಜೀವಶಾಸ್ತ್ರವಷ್ಟೇ ಓದಿದವರಿಗೆ ನಮ್ಮ ಕರಾವಳಿಯ ದೊಡ್ಡ ಪಾಠ ತಪ್ಪಿಹೋಗುತ್ತದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಆ ಪಾಠ ರಂಪಣಿಯದು. ದಡದಿಂದ ದೋಣಿಯಲ್ಲಿ ಉದ್ದದ ಬಲೆ ಸುತ್ತುಹಾಕಿ, ಎರಡು ತುದಿಗಳನ್ನು ಹತ್ತಾರು ಜನ ನಿಂತು ಎಳೆದು, ಬಂದ ಮೀನನ್ನು ಪಾಲು ಮಾಡಿಕೊಳ್ಳುತ್ತಿದ್ದ ಪದ್ಧತಿ. ಬಂಗಡೆ ತಾನಾಗಿ ದಡಕ್ಕೆ ಬರುವವರೆಗೆ ಕಾಯಲೇಬೇಕಿತ್ತು. 1970ರ ದಶಕದ ನಡುವೆ ಪರ್ಸೀನ್ ಬೋಟುಗಳು ಬಂದು ಮೀನಿನ ಹಿಂಡನ್ನು ಕಡಲಲ್ಲೇ ಸುತ್ತುವರಿದವು. ಕೆಲವೇ ವರ್ಷಗಳಲ್ಲಿ ರಂಪಣಿ ಕುಸಿಯಿತು, ದಡದಲ್ಲಿ ಹಗ್ಗ ಎಳೆಯುತ್ತಿದ್ದವರ ಪಾಲೂ ಹೋಯಿತು. ಮೀನು ಎಷ್ಟಿದೆ ಎನ್ನುವುದರ ಬೆನ್ನಿಗೇ ಅದು ಯಾರಿಗೆ ಸೇರಬೇಕು ಎಂಬ ಪ್ರಶ್ನೆ ಇದೆ. ಅದಕ್ಕೆ ಅರ್ಥಶಾಸ್ತ್ರ ಬೇಕು, ಸಮಾಜಶಾಸ್ತ್ರ ಬೇಕು, ಕಾನೂನು ಬೇಕು.

ಕಾನೂನಿನ ತೊಡಕೂ ಸಣ್ಣದಲ್ಲ. ದಡದಿಂದ 12 ನಾಟಿಕಲ್ ಮೈಲಿಯವರೆಗಿನ ಮೀನುಗಾರಿಕೆ ರಾಜ್ಯದ ಕೈಯಲ್ಲಿದೆ. ಅದಕ್ಕೆ 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಇದೆ. ಅಲ್ಲಿಂದ 200 ಮೈಲಿಯವರೆಗೆ ಕೇಂದ್ರದ ಅಧಿಕಾರ. ಬಂಗಡೆಗೆ ಈ ಗೆರೆ ಗೊತ್ತಿಲ್ಲ, ಗೋವಾದ ಗಡಿಯೂ ಗೊತ್ತಿಲ್ಲ.

ನಿರ್ವಹಣೆಯನ್ನೇ ಮುಖ್ಯವಾಗಿ ಓದಬೇಕೆನ್ನುವವರಿಗೆ ಮಂಗಳೂರಿನ ಮೀನುಗಾರಿಕಾ ಕಾಲೇಜು ಇದೆ. 1969ರಲ್ಲಿ ಶುರುವಾದ ಇದು ದೇಶದ ಮೊದಲ ಮೀನುಗಾರಿಕಾ ಕಾಲೇಜು. ಈಗ ಬೀದರ್‌ನ ಪಶು ವಿಶ್ವವಿದ್ಯಾಲಯದ ಅಡಿಯಲ್ಲಿದೆ. ಮೀನುಗಾರಿಕಾ ವಿಜ್ಞಾನದ ಸ್ನಾತಕೋತ್ತರ ಪದವಿಯಾದ ಎಂ.ಎಫ್.ಎಸ್ಸಿ.ಗೆ ಸೇರಲು ನಾಲ್ಕು ವರ್ಷದ ಬಿ.ಎಫ್.ಎಸ್ಸಿ. ಪದವಿ ಆಗಿರಬೇಕು. 1961ರಲ್ಲಿ ಆರಂಭವಾದ ಮುಂಬೈನ ಕೇಂದ್ರೀಯ ಮೀನುಗಾರಿಕಾ ಶಿಕ್ಷಣ ಸಂಸ್ಥೆ ಇನ್ನೊಂದು ದಾರಿ. ಕೋಡಿಬಾಗದವರಿಗೆ ಕಾರವಾರದಲ್ಲೇ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರವಿದೆ, ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯೂ ದೂರವಿಲ್ಲ.

ನನ್ನ ಆಸೆ ಇನ್ನೊಂದಿದೆ. ಉತ್ತರ ಕನ್ನಡದ ಮೀನುಗಾರರು ಹೈಕೋರ್ಟ್ ಮೆಟ್ಟಿಲೇರಬೇಕಾದರೆ ಬರುವುದು ಧಾರವಾಡ ಪೀಠಕ್ಕೆ. ರಾಜ್ಯ ಕಾನೂನು ವಿಶ್ವವಿದ್ಯಾಲಯ ಇರುವುದು ಹುಬ್ಬಳ್ಳಿಯ ನವನಗರದಲ್ಲಿ. ಕೋಡಿಬಾಗದ ವಿದ್ಯಾರ್ಥಿಗಳು ಒಂದು ಸೆಮಿಸ್ಟರ್ ಇಲ್ಲಿ ಕಾಯ್ದೆ ಓದಲಿ. ಇಲ್ಲಿನ ಕಾನೂನು ವಿದ್ಯಾರ್ಥಿಗಳು ಆಗಸ್ಟ್‌ನಲ್ಲಿ, ಬೋಟುಗಳು ಮತ್ತೆ ಕಡಲಿಗಿಳಿದ ಮೊದಲ ವಾರವೇ, ಬೈತಖೋಲಕ್ಕೆ ಹೋಗಿ ಹರಾಜು ನೋಡಲಿ.