ಅಲೋಶಿಯಸ್ ಚಾಪೆಲ್: ಗೋಡೆಯ ಚಿತ್ರ ಬೇರೆ, ಚಾವಣಿಯ ಚಿತ್ರ ಬೇರೆ, ಎರಡಕ್ಕೂ ಶತ್ರು ಒಂದೇ

ಮಂಗಳೂರು: ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲ್ ಒಳಗೆ ಕಾಲಿಟ್ಟವರು ಮೊದಲು ಮಾಡೋದು ತಲೆ ಎತ್ತಿ ನೋಡುವ ಕೆಲಸ. ಗೋಡೆ, ಕಮಾನು, ಚಾವಣಿ ಎಲ್ಲಾ ಕಡೆ ಚಿತ್ರಗಳೇ. ಊರಿಗೆ ನೆಂಟರು ಬಂದರೆ ಪಣಂಬೂರು ಬೀಚ್, ಕದ್ರಿ ದೇವಸ್ಥಾನದ ಜೊತೆ ಇಲ್ಲಿಗೂ ಒಂದು ರೌಂಡ್ ಇದ್ದೇ ಇರುತ್ತದೆ. ಆದರೆ ಇವು ಹೇಗೆ ಬರೆದ ಚಿತ್ರಗಳು, ಯಾಕೆ ಇಷ್ಟು ಜಾಗ್ರತೆ ಬೇಕು ಅನ್ನೋದು ಊರಿನವರಲ್ಲೇ ಹಲವರಿಗೆ ಗೊತ್ತಿಲ್ಲ.

ಬರೆದವರು ಯಾರು?

ಚಾಪೆಲ್ ಕಟ್ಟಿದ್ದು 1880ರ ದಶಕದಲ್ಲಿ. ಆಗ ಗೋಡೆಗಳು ಖಾಲಿ ಇದ್ದವು. ಇಟಲಿಯ ಬೆರ್ಗಮೊ ಕಡೆಯ ಜೆಸ್ಯುಯಿಟ್ ಬ್ರದರ್ ಆಂಟೋನಿಯೊ ಮೊಸ್ಕೇನಿ ಇಲ್ಲಿಗೆ ಬಂದು 1899ರಿಂದ 1901ರ ನಡುವೆ ಈ ಚಿತ್ರಗಳನ್ನು ಬರೆದರು. ಚಾವಣಿಯ ನಡುವೆ ಇರುವುದು ಸಂತ ಅಲೋಶಿಯಸ್ ಗೊನ್ಜಾಗ ಅವರ ಜೀವನ. ರೋಮ್‌ನಲ್ಲಿ ಪ್ಲೇಗ್ ರೋಗಿಗಳ ಸೇವೆ ಮಾಡುತ್ತಾ 1591ರಲ್ಲಿ, 23ನೇ ವಯಸ್ಸಿಗೇ ತೀರಿಹೋದವರು ಅವರು. ಮೊಸ್ಕೇನಿ ಕೂಡ ತಾಯ್ನಾಡಿಗೆ ಮರಳಲಿಲ್ಲ, 1905ರಲ್ಲಿ ಕೊಚ್ಚಿಯಲ್ಲಿ ನಿಧನರಾದರು.

ಎರಡು ವಿಧಾನ

ಗೋಡೆಯ ಮೇಲಿರುವುದು ಫ್ರೆಸ್ಕೊ. ಸುಣ್ಣದ ಗಾರೆ ಹಸಿ ಇರುವಾಗಲೇ ಬಣ್ಣ ಹಚ್ಚಬೇಕು. ಗಾರೆ ಗಾಳಿ ಹೀರಿ ಗಟ್ಟಿಯಾಗುವಾಗ ಬಣ್ಣವೂ ಅದರೊಳಗೇ ಸೇರಿಕೊಳ್ಳುತ್ತದೆ. ಒಣಗಿದ ಮೇಲೆ ತಪ್ಪು ತಿದ್ದೋದು ಕಷ್ಟ. ಹಾಗಾಗಿ ಒಂದು ದಿನಕ್ಕೆ ಎಷ್ಟು ಬರೆಯಬಹುದೋ ಅಷ್ಟೇ ಜಾಗಕ್ಕೆ ಗಾರೆ ಮೆತ್ತುತ್ತಾರೆ.

ಚಾವಣಿಯದು ಹಾಗಲ್ಲ. ಅದು ಕ್ಯಾನ್ವಾಸ್ ಬಟ್ಟೆಯ ಮೇಲೆ ಬರೆದ ತೈಲಚಿತ್ರ. ಈ ಚಾಪೆಲನ್ನು ವ್ಯಾಟಿಕನ್‌ನ ಸಿಸ್ಟೀನ್ ಚಾಪೆಲ್‌ಗೆ ಹೋಲಿಸುವುದುಂಟು. ಆದರೆ ಅಲ್ಲಿ ಮೈಕೆಲೇಂಜೆಲೊ ಬರೆದ ಚಾವಣಿ ಫ್ರೆಸ್ಕೊ, ಇಲ್ಲಿಯದು ಬಟ್ಟೆ.

ಅಪಾಯ ಏನು?

ನಮ್ಮ ಮಳೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಮಳೆ ನಿಂತ ಮೇಲೂ ಸಮುದ್ರದ ಗಾಳಿಯ ತೇವ ಬಿಡೋದಿಲ್ಲ. ಗೋಡೆಗೆ ನೀರು ಇಳಿದರೆ ಒಳಗಿನ ಉಪ್ಪಿನಂಶ ಮೇಲಕ್ಕೆ ಬರುತ್ತದೆ, ಒಣಗುವಾಗ ಹರಳುಗಟ್ಟಿ ಬಣ್ಣದ ಪದರವನ್ನೇ ಹೊರಕ್ಕೆ ತಳ್ಳುತ್ತದೆ. ಕ್ಯಾನ್ವಾಸ್‌ಗೆ ಬೂಸ್ಟು ಹಿಡಿಯುತ್ತದೆ. ತೇವ ಏರಿಳಿದಂತೆ ಬಟ್ಟೆ ಸಡಿಲವಾಗಿ, ಮತ್ತೆ ಬಿಗಿದು ಬಣ್ಣ ಬಿರುಕು ಬಿಡುತ್ತದೆ. ಹೀಗೆ ಕೆಟ್ಟಿದ್ದ ಚಿತ್ರಗಳನ್ನು 1990ರ ದಶಕದಲ್ಲಿ ಲಕ್ನೋದ ಇನ್‌ಟ್ಯಾಕ್ ಸಂರಕ್ಷಣಾ ಕೇಂದ್ರದ ತಜ್ಞರು ದುರಸ್ತಿ ಮಾಡಿದ್ದರು.

ಆದರೆ ದುರಸ್ತಿ ಅಂದರೆ ಹೊಸದಾಗಿ ಬರೆಯೋದಲ್ಲ, ಉಳಿದದ್ದನ್ನು ಹಿಡಿದಿಡೋದು. ಉದುರಿ ಹೋದ ಮೊಸ್ಕೇನಿಯ ಬಣ್ಣ ಮತ್ತೆ ಬರೋದಿಲ್ಲ. ಹಾಗಾಗಿ ಮಾಡಿನ ಹಂಚು ಒಡೆದಾಗ ತಡಮಾಡದೆ ಬದಲಿಸುವುದೂ ಇಲ್ಲಿ ಕಲೆ ಉಳಿಸುವ ಕೆಲಸವೇ.

ನೋಡಲು ಹೋಗುವವರ ಪಾಲೂ ಇದೆ. ಗೋಡೆ ಮುಟ್ಟಬೇಡಿ, ಕೈಯ ಬೆವರು, ಎಣ್ಣೆ ಬಣ್ಣಕ್ಕೆ ಆಗೋದಿಲ್ಲ. ಮಳೆಗಾಲದಲ್ಲಿ ಹೋದರೆ ಒದ್ದೆ ಕೊಡೆಯನ್ನು ಹೊರಗೇ ಬಿಡಿ, ಗೋಡೆಗೆ ಮಾತ್ರ ಒರಗಿಸಬೇಡಿ.