ಸಂತೆಯ ಚಿತ್ರ ಕಲಿಸಿದ ಪಾಠ

ಈ ಸಲದ ಕೊಯ್ಲು ಮುಗಿದ ಮೇಲೆ ಹೆಸರಘಟ್ಟದ ಮಗಳ ಮನೆಯಲ್ಲಿ ಒಂದು ತಿಂಗಳು ಉಳಿಯಬೇಕಾಯಿತು. ಆ ಊರಿನ ಹೆಸರು ನಮ್ಮ ಸದಸ್ಯರಿಗೆ ಹೊಸದಲ್ಲ. 1967ರಲ್ಲಿ ಸ್ಥಾಪನೆಯಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇರುವುದು ಅಲ್ಲಿಯೇ. ಆದರೆ ಈ ಬಾರಿ ಅಲ್ಲಿಂದ ನಾನು ತಂದದ್ದು ಒಂದು ತೈಲಚಿತ್ರ, ಅದೂ ಸ್ವಂತ ಕೈಯಿಂದ ಬರೆದದ್ದು. ನಗಬೇಡಿ, ವಿಷಯ ನಮ್ಮ ಅಡಿಕೆಯ ಧಾರಣೆಗೇ ಬಂದು ಮುಟ್ಟುತ್ತದೆ.

ನೆರೆಮನೆಯಲ್ಲಿ ನಿವೃತ್ತ ಡ್ರಾಯಿಂಗ್ ಮಾಸ್ತರರೊಬ್ಬರಿದ್ದಾರೆ. "ಈ ವಯಸ್ಸಿನಲ್ಲಿ ಕಲಿಯಬಹುದೇ ಮೇಷ್ಟ್ರೇ?" ಎಂದು ಕೇಳಿದೆ. ಅವರು ರುಮಾಲೆ ಚನ್ನಬಸವಯ್ಯನವರ ಹೆಸರು ಹೇಳಿದರು. ಹತ್ತಿರದ ದೊಡ್ಡಬಳ್ಳಾಪುರದಲ್ಲಿ 1910ರಲ್ಲಿ ಹುಟ್ಟಿದ ರುಮಾಲೆಯವರು ಎಳವೆಯಲ್ಲಿ ಚಿತ್ರಕಲೆ ಕಲಿತರೂ ಸ್ವಾತಂತ್ರ್ಯ ಚಳವಳಿಗೆ ಧುಮುಕಿ, 'ತಾಯಿನಾಡು' ಪತ್ರಿಕೆಯ ಸಂಪಾದಕರೂ ಆಗಿ, ಐವತ್ತು ದಾಟಿದ ಮೇಲೆ ಮತ್ತೆ ಕುಂಚ ಹಿಡಿದವರು. ಬೆಂಗಳೂರಿನ ಹೂಬಿಟ್ಟ ಮರಗಳು ಇಂದಿಗೂ ಅವರ ಚಿತ್ರಗಳಲ್ಲಿ ಉಳಿದಿವೆ.

ಮೇಷ್ಟ್ರು ರಸ್ತೆ ಬದಿಯ ಸಂತೆಯ ಫೋಟೋ ಒಂದನ್ನು ಕೊಟ್ಟು, ಅದನ್ನೇ ಬರೆಯಲು ಹೇಳಿದರು. ನೀಲಿ ಟಾರ್ಪಾಲು, ಟೊಮೆಟೊ ರಾಶಿ, ತಕ್ಕಡಿ ಹಿಡಿದ ಹೆಂಗಸು, ಮೂಲೆಯಲ್ಲಿ ವೀಳ್ಯದೆಲೆ ಮತ್ತು ಬಟ್ಟಲಡಿಕೆಯ ಬುಟ್ಟಿ.

ಮೊದಲು ಟರ್ಪೆಂಟೈನ್ ಬೆರೆಸಿದ ತೆಳು ಬಣ್ಣದಲ್ಲಿ ನೆರಳು ಬೆಳಕನ್ನಷ್ಟೇ ಗುರುತಿಸಬೇಕು. ಅದು ಒಣಗಿದ ಮೇಲೆ ಎಣ್ಣೆ ಹೆಚ್ಚಿರುವ ಪದರ. ನಾನು ಅವಸರಪಟ್ಟು ಮೊದಲೇ ಅಗಸೆ ಎಣ್ಣೆ ಸುರಿದು ದಪ್ಪಗೆ ಬಳಿದೆ. ವಾರ ಕಳೆಯುವಷ್ಟರಲ್ಲಿ ಮೇಲೆ ಕೆನೆಗಟ್ಟಿ ಸುಕ್ಕಾಯಿತು, ಒಳಗೆಲ್ಲ ಹಸಿ. ಕಣದಲ್ಲಿ ಕಾಫಿಯನ್ನು ದಪ್ಪಗೆ ಹರಡಿ ಕೆದಕದೆ ಬಿಟ್ಟ ಹಾಗೆ! ಒಂದು ವ್ಯತ್ಯಾಸವುಂಟು. ಕಾಫಿ ಒಣಗಿದರೆ ನೀರು ಹೋಗಿ ತೂಕ ಇಳಿಯುತ್ತದೆ. ಅಗಸೆ ಎಣ್ಣೆಯಾದರೋ ಗಾಳಿಯಿಂದ ಆಮ್ಲಜನಕ ಹೀರಿ ಗಟ್ಟಿಯಾಗುವುದರಿಂದ ಮೊದಲಿಗೆ ತೂಕ ಏರುತ್ತದೆ.

ಕೆರೆದು ಮತ್ತೆ ಬರೆದೆ. ಅಡಿಕೆಗೆ ಮಾತ್ರ ಫೋಟೋ ನೋಡಲೇ ಇಲ್ಲ. ಮೂವತ್ತು ವರ್ಷದ ಅನುಭವದಿಂದ ಒಳ್ಳೆಯ ಚೊಗರಿನ ಕೆಂಪು ಬಳಿದೆ. "ನಿಮಗೆ ಗೊತ್ತಿರುವುದನ್ನು ಬರೆದಿದ್ದೀರಿ, ಕಂಡದ್ದನ್ನಲ್ಲ" ಎಂದ ಮೇಷ್ಟ್ರು, ಮರುದಿನ ಆ ಜಾಗಕ್ಕೇ ಕರೆದೊಯ್ದು, ರಟ್ಟಿನಲ್ಲಿ ಸಣ್ಣ ತೂತು ಮಾಡಿ ಅದರ ಮೂಲಕ ನೋಡಿಸಿದರು. ಟಾರ್ಪಾಲಿನ ಕೆಳಗೆ ಅಡಿಕೆ ಬೂದಿಗಪ್ಪು. ಅದೇ ಬುಟ್ಟಿಯನ್ನು ಹೊರಗೆ ಸರಿಸಿದಾಗ ಕೆಂಪಗೆ ಹೊಳೆಯಿತು.

ಆಗ ನನಗೆ ಹಳೆಯ ಸಂಗತಿಯೊಂದು ನೆನಪಾಯಿತು. ಒಂದು ವರ್ಷ ಮಂಡಿಯೊಂದರಲ್ಲಿ, ಇಂಥದೇ ನೀಲಿ ಹೊದಿಕೆಯ ಕೆಳಗೆ, ನನ್ನ ಅಡಿಕೆಗೆ "ಬಣ್ಣ ಬಂದಿಲ್ಲ" ಎಂದು ದರ ಇಳಿಸಿದ್ದರು. ನನ್ನ ಕಣ್ಣಿಗೂ ಹಾಗೆಯೇ ಕಂಡದ್ದರಿಂದ ಒಪ್ಪಿ ಬಂದೆ. ಮನೆಗೆ ಬಂದು, ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ಹಂಡೆಯ ಮುಂದೆ ದಿನವಿಡೀ ನಿಂತು ಅಡಿಕೆ ಬೇಯಿಸಿದ್ದ ಮನೆಯಾಕೆಯನ್ನು ಗದರಿದೆ. ಆಕೆ ಎದುರು ಮಾತಾಡಲಿಲ್ಲ. ಕೆಟ್ಟದ್ದು ಚೊಗರಲ್ಲ, ಬೆಳಕು ಎಂಬುದು ಈಗ ತಿಳಿಯಿತು.

ಆದ್ದರಿಂದ ಸದಸ್ಯರಲ್ಲಿ ವಿನಂತಿ: ಮಾದರಿಯನ್ನು ಬಿಳಿ ಬಟ್ಟೆಯ ಮೇಲೆ ಹರಡಿ, ಬಯಲಿನ ಹಗಲು ಬೆಳಕಿನಲ್ಲಿ ನೋಡಿ, ನೋಡಿಸಿ. ಆಮೇಲೆ ದರ ಮಾತಾಡಿ.

ಚಿತ್ರ ಈಗ ನಮ್ಮ ಸಂಘದ ಕಚೇರಿಯ ಗೋಡೆಯಲ್ಲಿದೆ. ವಾರ್ನಿಷ್ ಹಚ್ಚಲು ಇನ್ನೂ ಆರು ತಿಂಗಳು ಕಾಯಬೇಕು. ದಯವಿಟ್ಟು ಯಾರೂ ಬೆರಳಿಡಬೇಡಿ. ಮನೆಯಾಕೆಗೆ ಇದನ್ನೆಲ್ಲ ಹೇಳಿದೆ. "ಅಷ್ಟು ದೂರ ಹೋಗಿ ಕಲಿಯಬೇಕಿತ್ತೇ?" ಎಂದಳು.

— ಕಾರ್ಯದರ್ಶಿ