ಅಣ್ಣನ ಕಣ್ಣು, ತಮ್ಮನ ಕಣ್ಣು

ಒಂದೇ ಮನೆಯ ಮಕ್ಕಳನ್ನು ಹೋಲಿಸಿ ನೋಡಬಾರದೆಂದು ಹಿರಿಯರು ಹೇಳುತ್ತಾರೆ. ಆದರೂ ಹೋಲಿಸದೆ ಇರಲಾಗದ ಜೋಡಿಯೊಂದಿದೆ: ಜರ್ಮನಿಯ ವೆಟ್ಸ್‌ಲಾರ್ ಪಟ್ಟಣದ ಲೈಟ್ಸ್ ಕಾರ್ಖಾನೆಯಿಂದ 1954ರಲ್ಲಿ ಹೊರಬಂದ ಲೈಕಾ ಎಂ3, 1957ರಲ್ಲಿ ಬಂದ ಲೈಕಾ ಎಂ2. ಅಂಕಿಗಳನ್ನು ಕಂಡು ಮೋಸಹೋಗದಿರಿ. ಇಲ್ಲಿ ಮೂರೇ ಅಣ್ಣ, ಎರಡೇ ತಮ್ಮ. ಮೇಲುನೋಟಕ್ಕೆ ಇಬ್ಬರೂ ಒಂದೇ ಅಚ್ಚು. ಬ್ಯಾಟರಿಯ ಹಂಗಿಲ್ಲ, ಬೆಳಕನ್ನಳೆಯುವ ಸಾಧನ ಇಬ್ಬರ ಒಡಲಲ್ಲಿಯೂ ಇಲ್ಲ. 35 ಮಿ.ಮೀ. ಫಿಲಂ ತುಂಬಿದರೆ ಇಂದಿಗೂ ದುಡಿಯುತ್ತಾರೆ. ಹಳೆಯದೊಂದನ್ನು ಕೊಳ್ಳಲು ತಿಂಗಳುಗಟ್ಟಲೆ ಸಂಬಳ ಕೂಡಿಡುವವನಿಗೆ, ಇಬ್ಬರಲ್ಲಿ ಯಾರು ಎಂಬುದು ಸಣ್ಣ ಪ್ರಶ್ನೆಯೇನಲ್ಲ.

ಭೇದವಿರುವುದು ಕಣ್ಣಿನಲ್ಲಿ. ಇವು ದೂರಮಾಪಕವುಳ್ಳ ಕ್ಯಾಮರಾಗಳು. ನೋಡುವ ಕಿಂಡಿಯ ನಡುವಣ ಸಣ್ಣ ಚೌಕದಲ್ಲಿ ವಸ್ತುವು ಎರಡಾಗಿ ಕಾಣುತ್ತದೆ. ಮಸೂರದ ಬಳೆಯನ್ನು ತಿರುಗಿಸಿದಂತೆ ಬಿಂಬಗಳೆರಡೂ ಕೂಡಿ ಒಂದಾದರೆ ದೂರ ಸರಿಯಾಯಿತೆಂದು ಅರ್ಥ. ನೋಟವು ಮಸೂರದ ಮೂಲಕ ಬರುವುದಿಲ್ಲವಾದುದರಿಂದ, ಚಿತ್ರದಲ್ಲಿ ಎಷ್ಟು ಅಡಕವಾಗುವುದೆಂಬುದನ್ನು ಬೆಳಕಿನ ಗೆರೆಗಳ ಚೌಕಟ್ಟು ತೋರಿಸುತ್ತದೆ.

ಅಣ್ಣನ ಕಿಂಡಿಯಲ್ಲಿ ಜಗತ್ತು ತನ್ನ ಗಾತ್ರದ 0.91ರಷ್ಟು ಕಾಣುತ್ತದೆ. ಎರಡು ಕಣ್ಣುಗಳನ್ನೂ ತೆರೆದೇ ನೋಡಬಹುದು. ಚೌಕಟ್ಟು ಗಾಳಿಯಲ್ಲಿ ತೇಲಿದಂತೆ ತೋರುತ್ತದೆ! ಬಿಂಬ ದೊಡ್ಡದಾದಷ್ಟೂ ಅವನ್ನು ಕೂಡಿಸುವ ಕೆಲಸ ನಿಖರ. ಗೆರೆಗಳಿರುವುದು 50, 90, 135 ಮಿ.ಮೀ. ಮಸೂರಗಳಿಗೆ. ಎದುರಿಗೆ ಕುಳಿತ ಅಜ್ಜಿಯ ಮುಖವನ್ನು ಹಿಡಿಯಲು ಇದಕ್ಕಿಂತ ಒಳ್ಳೆಯ ಕಣ್ಣು ದೊರೆಯಲಾರದು. ಆದರೆ ಹಜಾರದಲ್ಲಿ ನೆರೆದ ಇಡೀ ಸಂಸಾರವನ್ನು ಹಿಡಿಸಬೇಕಾದರೆ 35ರ ಅಗಲನೋಟದ ಮಸೂರ ಬೇಕು. ಅದಕ್ಕೆ ಅಣ್ಣನಲ್ಲಿ ಗೆರೆಯಿಲ್ಲ. ಲೈಟ್ಸ್ ಸಂಸ್ಥೆಯವರು ಹೂಡಿದ ಉಪಾಯ ತಮಾಷೆಯಾಗಿದೆ. ಎಂ3ಕ್ಕೆಂದೇ ಮಾಡಿದ 35ರ ಮಸೂರಕ್ಕೆ ಚಾಳೀಸು ತೊಡಿಸಿಬಿಟ್ಟರು! ಆ ಜೋಡಿ ಗಾಜುಗಳು ಕಿಂಡಿಗಳ ಮುಂದೆ ನಿಂತು ನೋಟವನ್ನು ಅಗಲಗೊಳಿಸುತ್ತವೆ.

ತಮ್ಮನಿಗೆ ಆ ಚಾಳೀಸು ಬೇಡ. ಅವನ ಕಿಂಡಿಯ ಅಳತೆ 0.72, ಗೆರೆಗಳು 35, 50, 90ಕ್ಕೆ. 50ರ ಮಸೂರ ತೊಡಿಸಿದರೆ ಚೌಕಟ್ಟಿನಾಚೆಗೂ ಸಾಕಷ್ಟು ಬಯಲು ಕಾಣುತ್ತದೆ. ಚಿತ್ರದೊಳಕ್ಕೆ ಓಡಿಬರಲಿರುವ ಮಗುವನ್ನು ಮುಂಚೆಯೇ ಗುರುತಿಸಿ ಬೆರಳನ್ನು ಸಿದ್ಧವಾಗಿಟ್ಟುಕೊಳ್ಳಬಹುದು. ಬೆಲೆಯನ್ನು ಇಳಿಸುವುದಕ್ಕಾಗಿ ಕೆಲವು ಸೌಕರ್ಯಗಳನ್ನು ಕಳೆದಿದ್ದರೆಂಬುದೂ ನಿಜ. ತೆಗೆದ ಚಿತ್ರಗಳ ಲೆಕ್ಕವಿಡುವ ಚಕ್ರ ಅಣ್ಣನಲ್ಲಿ ತಾನಾಗಿ ಸೊನ್ನೆಗೆ ಮರಳುತ್ತದೆ. ತಮ್ಮನಲ್ಲಿ ಅದನ್ನು ಕೈಯಿಂದಲೇ ತಿರುಗಿಸಬೇಕು. ಮರೆತರೆ, ಮೂವತ್ತಾರರಲ್ಲಿ ಎಷ್ಟು ಮುಗಿಯಿತೆಂಬುದು ದೇವರಿಗೇ ಗೊತ್ತು.

ಅಣ್ಣನಿಗೇ ಹೆಚ್ಚು ಮನ್ನಣೆ ದೊರೆಯಿತು. ಎಂ3 ಎರಡು ಲಕ್ಷಕ್ಕೂ ಮೇಲ್ಪಟ್ಟು ತಯಾರಾಯಿತು. ಎಂ2 ಅದರ ಅರ್ಧದಷ್ಟೂ ಇಲ್ಲ. ಆದರೆ ವಂಶ ಮುಂದುವರಿದುದು ತಮ್ಮನ ಕಣ್ಣಿನಿಂದ. 1967ರ ಎಂ4, 1984ರ ಎಂ6, 2022ರಲ್ಲಿ ಮರಳಿ ಬಂದ ಎಂ6 ಇವೆಲ್ಲಕ್ಕೂ ಅದೇ 0.72ರ ಅಳತೆ.

ಕನ್ನಡಕಧಾರಿಯಾದ ನನ್ನ ಒಲವೂ ತಮ್ಮನ ಕಡೆಗೇ. ಅವನಲ್ಲಿ 35ರ ಅಂಚುಗಳನ್ನು ಕಾಣಲು ಕಣ್ಣನ್ನು ಆಚೀಚೆ ಹೊರಳಿಸಬೇಕಾದರೂ, 50ರ ಚೌಕಟ್ಟು ಪೂರ್ತಿಯಾಗಿ ಕಣ್ಣಿಗೆ ಬೀಳುತ್ತದೆ. ಕಿಂಡಿಯ ಲೋಹದ ಬಳೆ ಕನ್ನಡಕದ ಗಾಜನ್ನು ಗೀರುವ ವಿಷಯದಲ್ಲಿ ಮಾತ್ರ ಅಣ್ಣತಮ್ಮಂದಿರಲ್ಲಿ ಯಾವ ಭೇದವೂ ಇಲ್ಲ.